ಜಪಾನಿನಲ್ಲಿ ಕಲೆ ನೋಡಲು ಮ್ಯೂಸಿಯಂಗೇ ಹೋಗಬೇಕಾ?

ಪ್ರಶ್ನೆ: ಟೋಕಿಯೋಗೆ ಬಂದು ನಾಲ್ಕು ತಿಂಗಳಾಯಿತು. ಭಾಷೆ ಇನ್ನೂ ಬರಲ್ಲ. ಮ್ಯೂಸಿಯಂಗಳನ್ನು ಸುತ್ತಿ ಸಾಕಾಯಿತು. ಇಲ್ಲಿನ ಜನ ದಿನಾ ಬಳಸುವ ವಸ್ತುಗಳಲ್ಲಿರುವ ಕಲೆ ಎಲ್ಲಿ ಕಾಣುತ್ತದೆ? ಅನುಭವ ಇದ್ದವರು ಹೇಳಿ.

ಒಸಾಕಾದಿಂದ: ತಲೆ ತಗ್ಗಿಸಿ ನಡೆಯಿರಿ! ತಮಾಷೆ ಅಲ್ಲ, ಮ್ಯಾನ್‌ಹೋಲ್ ಮುಚ್ಚಳ ನೋಡಿದ್ದೀರಾ? ಊರಿಗೊಂದು ಚಿತ್ರ. ಇಲ್ಲಿನದರಲ್ಲಿ ಒಸಾಕಾ ಕೋಟೆ, ಜೊತೆಗೆ ಚೆರ್ರಿ ಹೂವು. ಆ ಉಬ್ಬು ಗೆರೆಗಳು ಬರೀ ಅಂದಕ್ಕಲ್ಲ, ಮಳೆಯಲ್ಲಿ ಕಾಲು ಜಾರದಂತೆಯೂ ತಡೆಯುತ್ತವೆ. 2016ರಿಂದ ಈ ಮುಚ್ಚಳಗಳ ಚಿತ್ರವಿರುವ ಕಾರ್ಡ್ ಕೂಡ ಕೊಡುತ್ತಿದ್ದಾರೆ. ಪುಕ್ಕಟೆ. ಆದರೆ ಆಯಾ ಊರಿಗೇ ಹೋಗಬೇಕು, ಒಬ್ಬರಿಗೆ ಒಂದೇ. ರಜೆ ದಿನ ಮೊದಲೇ ನೋಡಿಕೊಳ್ಳಿ. ನಾನು ಭಾನುವಾರ ಎರಡು ರೈಲು ಬದಲಿಸಿ ಹೋಗಿ, ಬೀಗ ನೋಡಿಕೊಂಡು ಬಂದಿದ್ದೇನೆ.

ಕ್ಯೋಟೋದಿಂದ: ನನಗೆ ಕಣ್ಣು ತೆರೆಸಿದ್ದು ಒಂದು ಬಟ್ಟೆ ತುಂಡು. ತೆನುಗುಯಿ ಅನ್ನುತ್ತಾರೆ. ಸುಮಾರು 35 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ತೆಳು ಹತ್ತಿ ಬಟ್ಟೆ, ಮೇಲೆ ಚಂದದ ಚಿತ್ತಾರ. ತಂದು ಒಗೆದೆ, ಎರಡೂ ತುದಿ ನೂಲು ಬಿಟ್ಟಿತು. ಮೋಸ ಹೋದೆ ಅಂದುಕೊಂಡು ಕೂತು ಅಂಚು ಹೊಲಿದೆ. ಪಕ್ಕದ ಮನೆ ಅಜ್ಜಿ ನೋಡಿ ನಕ್ಕಿದ್ದೇ ನಕ್ಕಿದ್ದು. ಅಂಚು ಹೊಲಿಯದೆ ಬಿಡುವುದು ಬೇಕಂತಲೇ ಅಂತೆ. ನೀರು ನಿಲ್ಲಲ್ಲ, ಬೇಗ ಒಣಗುತ್ತದೆ. ಗಾಯಕ್ಕೆ ಕಟ್ಟಬೇಕಾದರೆ ಕೈಯಲ್ಲೇ ಸೀಳಬಹುದು. ಇಷ್ಟನ್ನೂ ಅವರು ಕೈಸನ್ನೆಯಲ್ಲೇ ಹೇಳಿದರು! ಆಮೇಲೆ ಅದರಲ್ಲೇ ನನ್ನ ಊಟದ ಡಬ್ಬಿ ಸುತ್ತಿ, ಗಂಟು ಹಾಕಿ ತೋರಿಸಿದರು. ಈಗ ನಮ್ಮ ಮನೆಯಲ್ಲಿ ಒಂದು ಗೋಡೆ ಮೇಲೆ, ಒಂದು ಸಿಂಕ್ ಪಕ್ಕ. ಭಾಷೆ ಬರದಿದ್ದರೂ ಗಂಟು ಕಲಿಯಬಹುದು, ಅಲ್ವಾ?

ಟೋಕಿಯೋದಿಂದ: ಮ್ಯೂಸಿಯಂ ಸಾಕು ಅನ್ನಬೇಡಿ, ಇನ್ನೊಂದಿದೆ. ಇಲ್ಲೇ ಕೊಮಾಬಾ ಬಡಾವಣೆಯ ಮಿಂಗೇಕಾನ್, ಅಂದರೆ ಜನಸಾಮಾನ್ಯರ ಕರಕುಶಲ ವಸ್ತುಗಳ ಮ್ಯೂಸಿಯಂ. ಇಂಥ ವಸ್ತುಗಳಲ್ಲೇ ಅಂದವಿದೆ ಅಂದ ಚಿಂತಕ ಯಾನಗಿ ಸೊಯೆತ್ಸು 1936ರಲ್ಲಿ ತೆರೆದದ್ದು. ಅಲ್ಲಿರುವ ಬಟ್ಟಲು, ಹೂಜಿ, ಬಟ್ಟೆಗಳಲ್ಲಿ ಹೆಚ್ಚಿನವನ್ನು ಮಾಡಿದವರ ಹೆಸರೇ ಗೊತ್ತಿಲ್ಲ. ಮನೆಮನೆಯಲ್ಲಿ ಬಳಸಿದ ವಸ್ತುಗಳು. ನೋಡಿ ಬಂದ ಮೇಲೆ ಹೋಟೆಲಿನಲ್ಲಿ ಬಟ್ಟಲು ಎತ್ತಿ ತಳ ನೋಡುವ ಚಟ ಹತ್ತಿದೆ ನನಗೆ. ಹೆಂಡತಿಗೆ ಮುಜುಗರ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಆಫೀಸಿಂದ ತಲೆ ತಗ್ಗಿಸಿಕೊಂಡೇ ಬಂದೆ, ಒಬ್ಬರಿಗೆ ಡಿಕ್ಕಿಯೂ ಹೊಡೆದೆ. ನಮ್ಮ ಬೀದಿಯ ಮುಚ್ಚಳದಲ್ಲಿ ಚೆರ್ರಿ ಹೂವು ಗೊತ್ತಾಯಿತು. ಬೀಸಣಿಗೆ ಥರ ಇರುವುದು ಏನು?

ಒಸಾಕಾದಿಂದ: ಗಿಂಕ್ಗೋ ಮರದ ಎಲೆ. ಒಂದು ಕಡಲಹಕ್ಕಿಯೂ ಇದೆ, ಹುಡುಕಿ.