ಪದಚರ್ಚೆ: ‘ಏರ್ ಎಳೀತಿದೆ’ ಮತ್ತು ‘ಏರು ಎಳೀತಿದೆ’

ಎಲ್ಲರಿಗೂ ನಮಸ್ಕಾರ.

ಎರಡು ಮಾತುಗಳ ಬಗ್ಗೆ ಕೇಳಬೇಕಿತ್ತು. ಗ್ಯಾರೇಜಿನಲ್ಲಿ ‘ಗಾಡಿ ಏರ್ ಎಳೀತಿದೆ’ ಅಂತಾರೆ. ಗಾಳಿ ಬರಬಾರದ ಕಡೆಯಿಂದ ಇಂಜಿನ್ ಒಳಗೆ ಗಾಳಿ ನುಗ್ಗುತ್ತಿದೆ ಅಂತ ಅರ್ಥ. ನಮ್ಮ ಕೊಡಗಿನಲ್ಲಿ ದಿನಾ ಬೆಟ್ಟ ಹತ್ತಿಳಿಯುವವರು ‘ಗಾಡಿ ಏರು ಎಳೀತಿದೆ’ ಅಂತಲೂ ಅಂತೇವೆ. ಚಡಾವು ಚೆನ್ನಾಗಿ ಹತ್ತುತ್ತಿದೆ, ಗಾಡಿಗೆ ಬಲ ಉಂಟು ಅಂತ ಅರ್ಥ. ಒಂದು ಕಾಯಿಲೆ, ಇನ್ನೊಂದು ಆರೋಗ್ಯ. ಬರೆದರೆ ಒಂದು ಉಕಾರದ ವ್ಯತ್ಯಾಸ. ಬಾಯಲ್ಲಿ ಹೇಳುವಾಗ ಆ ಉಕಾರವೂ ಇರುವುದಿಲ್ಲ. ಶಾಲೆಯಲ್ಲಿ ಕಲಿತ ಲೋಪಸಂಧಿಯೇ, ಎರಡೂ ‘ಏರೆಳೀತಿದೆ’ ಆಗಿಬಿಡುತ್ತವೆ.

ಇದರಿಂದ ನನ್ನ ಬೈಕಿನ ಇಂಜಿನ್ ಹಾಳಾಗುವುದರಲ್ಲಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಗಾಡಿ 350 ಸಿಸಿಯದ್ದು, ಹಳೆಯ ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಮಾಡೆಲ್. ಸುಂಟಿಕೊಪ್ಪದಿಂದ ಕೆದಕಲ್, ಬೋಯಿಕೇರಿ ದಾಟಿ ಮಡಿಕೇರಿಗೆ ಹೋಗಿ ಬರುವುದು ನನ್ನ ದಿನದ ಓಡಾಟ. ಸರ್ವಿಸ್‌ಗೆ ಬಿಟ್ಟಾಗ ಶೋರೂಮಿನಲ್ಲೇ ಎರಡು ಹೊಸ ಸಾಮಾನು ಹಾಕಿಸಿದೆ. ಒಂದು, ಹೊಗೆ ಸಲೀಸಾಗಿ ಹೊರಗೆ ಬಿಡುವ ಸೈಲೆನ್ಸರ್. ಇನ್ನೊಂದು, ಜಾಸ್ತಿ ಗಾಳಿ ಬಿಡುವ ಏರ್ ಫಿಲ್ಟರ್. ಫಿಲ್ಟರ್ ಕೂರಿಸಲು ಕಾರ್ಬುರೇಟರ್ ಬಿಚ್ಚಿ ಮತ್ತೆ ಹಾಕಿದ್ದರು.

ಮರುದಿನದಿಂದಲೇ ಶುರುವಾಯಿತು. ಸಿಗ್ನಲ್‌ನಲ್ಲಿ ನಿಂತರೆ ಸ್ಲೋ (ಎಕ್ಸಲೇಟರ್ ಕೊಡದೆ ಇಂಜಿನ್ ತಾನಾಗಿ ಓಡುವ ವೇಗ) ನಿಲ್ಲುವುದಿಲ್ಲ, ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಕೊನೆಗೆ ಆಫ್. ಎಕ್ಸಲೇಟರ್ ಕೊಟ್ಟರೆ ಒಂದು ಕ್ಷಣ ಉಸಿರು ಸಿಕ್ಕಿಕೊಂಡ ಹಾಗೆ ತಡೆದು ಆಮೇಲೆ ಓಡುತ್ತದೆ. ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟರೆ ಹಿಂದೆ ಟಪ್ ಟಪ್ ಅಂತ ಶಬ್ದ. ಬೋಯಿಕೇರಿ ಹತ್ತಿರದ ಏರಿನಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಬಂತು.

ವಾಪಸ್ ಶೋರೂಮಿಗೆ ಹೋಗಿ ‘ಗಾಡಿ ಏರು ಎಳೀತಿಲ್ಲ’ ಅಂದೆ. ಅವರು ಜಾಬ್ ಕಾರ್ಡಿನಲ್ಲಿ ‘ಪಿಕಪ್ ಕಮ್ಮಿ’ ಅಂತ ಬರೆದುಕೊಂಡರು, ಅಷ್ಟೇ. ಸ್ಲೋ ನಿಲ್ಲದ್ದು, ಟಪ್ ಟಪ್ ಅನ್ನುವುದು, ತಡೆದು ಓಡುವುದು ಎಲ್ಲಾ ಹೇಳಿದ್ದೆ, ಕಾರ್ಡಿನಲ್ಲಿ ಒಂದೂ ಇಲ್ಲ. ಪಿಕಪ್ ಕಮ್ಮಿ ಅಂದರೆ ಕ್ಲಚ್ ಜಾರುತ್ತಿರಬಹುದು ಅಂತ ಕ್ಲಚ್ ಪ್ಲೇಟ್ ಬದಲಾಯಿಸಿ ಬಿಲ್ ಕೊಟ್ಟರು. ಕ್ಲಚ್ ಜಾರಿದರೆ ಇಂಜಿನ್ ಶಬ್ದ ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ನನ್ನದರಲ್ಲಿ ಇಂಜಿನ್ನೇ ಏರುತ್ತಿರಲಿಲ್ಲ. ‘ಪಿಕಪ್’ ಅನ್ನುವ ಒಂದೇ ಪದ ಈ ಎರಡನ್ನೂ ನುಂಗಿಬಿಟ್ಟಿತು. ಈಗ ನೆನೆದರೂ ಬೇಜಾರಾಗುತ್ತದೆ.

ಆಮೇಲೆ ನನ್ನ ಭಾವ ಗಾಡಿಯನ್ನು ನಮ್ಮೂರ ಹಳೆಯ ಮೆಕ್ಯಾನಿಕ್ ಹತ್ತಿರ ಒಯ್ದರು. ಅವರ ಮನೆಮಾತು ಮಲಯಾಳ, ನಾವೆಲ್ಲ ಇಕ್ಕ ಅಂತ ಕರೆಯುತ್ತೇವೆ. ಅವರು ಒಂದು ಸುತ್ತು ಓಡಿಸಿ ನೋಡಿ ಹೇಳಿದ್ದನ್ನು ಭಾವ ಫೋನಿನಲ್ಲಿ ಹೇಳಿದರು: ‘ಇಕ್ಕ ನೋಡಿದ್ರು, ಏರೆಳೀತಾ ಉಂಟಂತೆ.’ ನಾನು ತೋಟದಲ್ಲಿ ಮೆಣಸು ಕೊಯ್ಯಿಸುತ್ತಿದ್ದೆ. ಓ, ಏರು ಎಳೀತಿದೆ, ಸರಿಯಾಯ್ತು ಅಂದುಕೊಂಡೆ. ಹತ್ತು ದಿನ ಹಾಗೇ ಓಡಿಸಿದೆ. ಮಧ್ಯದಲ್ಲಿ ಒಂದು ಸಲ ಮದೆನಾಡು, ಜೋಡುಪಾಲ ಇಳಿದು ಸಂಪಾಜೆ ದಾಟಿ ಸುಳ್ಯಕ್ಕೂ ಹೋಗಿ ಬಂದೆ. ಘಾಟಿ ಇಳಿಯುವಾಗ ಟಪ್ ಟಪ್ ಇದ್ದದ್ದೇ. ಆದರೆ ಸುಳ್ಯದ ಸಮತಟ್ಟಿನಲ್ಲೂ ಅದು ಮಡಿಕೇರಿಗಿಂತ ಜಾಸ್ತಿ ಇತ್ತು, ಇಂಜಿನ್ ಕಾಲಿಗೆ ತಾಗುವಷ್ಟು ಬಿಸಿ. ಮನೆಯ ಹತ್ತಿರ ತಿರುಗುವಾಗ ಪಕ್ಕದ ಮನೆಯ ಅಜ್ಜ, ಕೊಡವರು, ‘ಏನಪ್ಪಾ, ನಿನ್ನ ಗಾಡಿ ಬೊಡಿ ಹೊಡೀತಾ ಉಂಟಲ್ಲ’ ಅಂದರು. ಬೊಡಿ ಅಂದರೆ ಗುಂಡು. ಇಲ್ಲಿ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರಲ್ವಾ, ಆ ಬೊಡಿ. ಬ್ಯಾಕ್‌ಫೈರ್ ಅನ್ನುವುದಕ್ಕಿಂತ ನನಗೆ ಅಜ್ಜನ ಮಾತೇ ಹಿಡಿಸಿತು.

ಆ ಸಂಜೆಯೇ ನಾನೇ ಇಕ್ಕನ ಹತ್ತಿರ ಹೋದೆ. ‘ನಾನು ಅವತ್ತೇ ಹೇಳಿದ್ದೆನಲ್ಲ ಸಾರ್, ಏರ್ ಎಳೀತಾ ಉಂಟು ಅಂತ! ಹಾಗೇ ಓಡಿಸಿದಿರಾ?’ ಅಂತ ಅವರಿಗೆ ಗಾಬರಿ.

ಅವರು ಮಾಡಿ ತೋರಿಸಿದ್ದು ಇದು. ಇಂಜಿನ್ ಸ್ಟಾರ್ಟ್ ಮಾಡಿ ಸ್ಲೋದಲ್ಲಿ ಬಿಟ್ಟರು. ಕಾರ್ಬುರೇಟರಿಗೂ ಇಂಜಿನ್ ಹೆಡ್ಡಿಗೂ ನಡುವೆ ಒಂದು ಗಿಡ್ಡ ರಬ್ಬರ್ ಕೊಳವೆ ಇರುತ್ತದೆ, ಎರಡು ತುದಿಗೂ ಕ್ಲಿಪ್. ಕಾರ್ಬುರೇಟರ್ ತೊಳೆಯುವ ಸ್ಪ್ರೇಯನ್ನು ಆ ರಬ್ಬರಿನ ಸುತ್ತ ಒಂಚೂರು ಬಿಟ್ಟರು. ಮೇಲೆ ಬಿಟ್ಟಾಗ ಏನೂ ಇಲ್ಲ. ಕೆಳಗಿನ ಮಗ್ಗುಲಿಗೆ ಬಿಟ್ಟ ಕೂಡಲೇ ಇಂಜಿನ್ ಸದ್ದು ತಟ್ಟನೆ ಮೇಲೇರಿ ಮತ್ತೆ ಇಳಿಯಿತು. ಅಂದರೆ ಆ ಸ್ಪ್ರೇಯನ್ನು ಇಂಜಿನ್ ಒಳಗೆ ಎಳೆದುಕೊಂಡು ಉರಿಸಿತು. ಆಫ್ ಮಾಡಿ, ಆರಲು ಬಿಟ್ಟು, ರಬ್ಬರ್ ಬಿಚ್ಚಿ ಹೆಬ್ಬೆರಳಿನಿಂದ ಮಡಚಿ ತೋರಿಸಿದರು. ಸುಮ್ನೆ ನೋಡಿದರೆ ಕಾಣದ ಬಿರುಕುಗಳು, ಮಡಚಿದಾಗ ಬೇಸಿಗೆಯ ಗದ್ದೆಯ ಹಾಗೆ ಬಾಯಿ ಬಿಟ್ಟವು. ಹಳೆಯ ರಬ್ಬರ್ ಗಟ್ಟಿಯಾಗಿತ್ತು, ಶೋರೂಮಿನಲ್ಲಿ ಕ್ಲಿಪ್ಪನ್ನು ಸ್ವಲ್ಪ ಓರೆಯಾಗಿ ಬಿಗಿದಿದ್ದರು.

ಕಿಡಿ ಕೊಡುವ ಪ್ಲಗ್ ಬಿಚ್ಚಿದರೆ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಸರಿಯಾಗಿ ಉರಿಯುವ ಇಂಜಿನ್ನಿನ ಪ್ಲಗ್ ಹಾಲು ಹಾಕಿದ ಕಾಫಿಯ ಬಣ್ಣಕ್ಕಿರಬೇಕು. ಪೆಟ್ರೋಲ್ ಜಾಸ್ತಿಯಾದರೆ ಕಪ್ಪು ಮಸಿ, ಗಾಳಿ ಜಾಸ್ತಿಯಾದರೆ ಬಿಳಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಸಾಕು. ನನ್ನ ಗಾಡಿಯಲ್ಲಿ ಹೊಸ ಫಿಲ್ಟರ್, ಹೊಸ ಸೈಲೆನ್ಸರ್ ಎರಡೂ ಸೇರಿ ಮೊದಲೇ ಗಾಳಿ ಜಾಸ್ತಿ ಮಾಡಿದ್ದವು, ಅದಕ್ಕೆ ತಕ್ಕ ಹಾಗೆ ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ದೊಡ್ಡದು ಮಾಡಿರಲಿಲ್ಲ. ಅದರ ಮೇಲೆ ಈ ಬಿರುಕು. ಸುಳ್ಯದಲ್ಲಿ ಯಾಕೆ ಜಾಸ್ತಿಯಾಯಿತು ಅನ್ನುವುದೂ ಆಗ ಗೊತ್ತಾಯಿತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಗಾಳಿ ಸುಳ್ಯಕ್ಕಿಂತ ತೆಳು. ಘಟ್ಟ ಇಳಿದಷ್ಟೂ ಗಾಳಿ ದಟ್ಟವಾಗುತ್ತದೆ, ಗಾಳಿಯ ಪಾಲು ಇನ್ನೂ ಏರುತ್ತದೆ. ಹೊಸ ರಬ್ಬರ್ ಹಾಕಿ, ಜೆಟ್ ಒಂದು ನಂಬರ್ ದೊಡ್ಡದು ಹಾಕಿ, ಸ್ಲೋ ಸೆಟ್ ಮಾಡಿದ ಮೇಲೆ ಗಾಡಿ ಮತ್ತೆ ಮೂರನೇ ಗೇರಿನಲ್ಲೇ ಬೋಯಿಕೇರಿ ಹತ್ತಿತು.

ಈಗ ಪದಗಳ ವಿಷಯ.

‘ಎಳೆ’ ಎಷ್ಟು ಕಡೆ ಕೈ ಚಾಚುತ್ತದೆ ನೋಡಿ. ಎತ್ತು ಗಾಡಿ ಎಳೆಯುತ್ತದೆ. ಬೀಡಿ ಎಳೆಯುತ್ತಾರೆ, ಉಸಿರು ಎಳೆದುಕೊಳ್ಳುತ್ತಾರೆ. ಮೊದಲನೆಯದರಲ್ಲಿ ಬಲ, ಉಳಿದವುಗಳಲ್ಲಿ ಹೀರುವುದು. ಗಾಡಿಯ ವಿಷಯಕ್ಕೆ ಬಂದಾಗ ಎರಡೂ ಒಟ್ಟಿಗೇ ಬಂದು ಕೂತಿವೆ. ಹಳಗನ್ನಡದಲ್ಲಿ ಸೆಳೆಯುವ ಅರ್ಥದ್ದು ‘ಎೞೆ’, ಎಳೆಗರುವಿನದು ‘ಎಳ’. ೞ ಅಕ್ಷರ ಹೋದ ಮೇಲೆ ಅವೂ ಒಂದೇ ಥರ ಕೇಳಿಸತೊಡಗಿದವು. ಆದರೆ ಎಳೆಗರುವನ್ನು ಯಾರೂ ಎಳೆತದ ಜೊತೆ ಗೊಂದಲ ಮಾಡಿಕೊಳ್ಳುವುದಿಲ್ಲ, ಸಂದರ್ಭ ಬೇರೆ. ‘ಏರೆಳೀತಿದೆ’ಯಲ್ಲಿ ತೊಂದರೆ ಏನೆಂದರೆ ಸಂದರ್ಭವೂ ಒಂದೇ, ಗಾಡಿಯೂ ಒಂದೇ.

ಇದರ ಜೊತೆಗೆ ಮೂರನೆಯ ‘ಏರು’ ಕೂಡ ಉಂಟು, ಉಳುಮೆಗೆ ಕಟ್ಟುವ ಎತ್ತು ಮತ್ತು ನೇಗಿಲು. ಹೊನ್ನೇರು ಅನ್ನುವುದರಲ್ಲಿ ಇರುವುದು ಅದೇ. ಹಾಗಾದರೆ ‘ಏರು ಎಳೆಯುವುದು’ ಅಂದರೆ ಮೊದಲು ಎತ್ತಿನ ಮಾತಾಗಿದ್ದು ಆಮೇಲೆ ಗಾಡಿಗೆ ಬಂತೋ, ಅಥವಾ ಬೆಟ್ಟದ ಏರೇ ಮೊದಲಿನಿಂದ ಇದೆಯೋ? ಬಲ್ಲವರು ಹೇಳಿದರೆ ಖುಷಿ.

‘ಏರ್ ಎಳೀತಿದೆ’ ಮಾತ್ರ ಬೈಕಿಗಿಂತ ಮೊದಲು ಪಂಪ್‌ಸೆಟ್ಟಿನದ್ದು ಅಂತ ನನ್ನ ಊಹೆ. ಕಾಫಿ ತೋಟದವರಿಗೆ ಫೆಬ್ರವರಿ, ಮಾರ್ಚಿನಲ್ಲಿ ಹೂವಿನ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವ ಅವಸರ. ಕೆರೆಗೆ ಬಿಟ್ಟ ಪೈಪಿನ ಜಾಯಿಂಟ್ ಸಡಿಲವಾದರೆ ಪಂಪ್ ನೀರಿನ ಬದಲು ಗಾಳಿ ಹೀರುತ್ತದೆ, ಸದ್ದು ಬದಲಾಗುತ್ತದೆ, ನೀರು ನಿಂತುಹೋಗುತ್ತದೆ. ಆಗ ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗನೂ ‘ಏರ್ ಎಳೀತಿದೆ’ ಅಂತ ಕೂಗುತ್ತಾನೆ. ಅಲ್ಲಿ ಗೊಂದಲವೇ ಇಲ್ಲ, ಯಾಕೆಂದರೆ ಪಂಪ್ ಬೆಟ್ಟ ಹತ್ತುವುದಿಲ್ಲ.

ಇಕ್ಕ ಇನ್ನೊಂದು ಹೇಳಿದರು. ಮಲಯಾಳದಲ್ಲಿ ಗಾಡಿಗೆ ಬಲ ಇಲ್ಲ ಅನ್ನಲು ‘ವಲಿವಿಲ್ಲ’ ಅಂತಾರೆ, ಎಳೆತ ಇಲ್ಲ ಅಂತ. ಅದೇ ‘ವಲಿವ್’ ಅಂದರೆ ಉಬ್ಬಸ ಕೂಡ. ಪಕ್ಕದ ಭಾಷೆಯಲ್ಲೂ ಬಲ ಮತ್ತು ಉಸಿರು ಒಂದೇ ಪದದಲ್ಲಿ ಸಿಕ್ಕಿಕೊಂಡಿವೆ ಅಂದರೆ ಇದು ನಮ್ಮೊಬ್ಬರ ಗೊಂದಲ ಅಲ್ಲ.

ನನಗೆ ಅನಿಸುವುದು ಇಷ್ಟು. ಜಾಬ್ ಕಾರ್ಡಿಗೆ ಹೋಗುವ ಪದಗಳು ನಾಲ್ಕೈದೇ: ಪಿಕಪ್, ಮಿಸ್ಸಿಂಗ್, ಜರ್ಕ್, ಸ್ಟಾರ್ಟಿಂಗ್ ಟ್ರಬಲ್. ಅದಕ್ಕೆ ಮೀರಿ ನಮ್ಮ ಬಾಯಲ್ಲಿ ದಂಡಿಯಾಗಿ ಪದ ಉಂಟು, ಅವನ್ನು ಕೌಂಟರಿನಲ್ಲಿ ಹೇಳಲು ನಾವೇ ಹಿಂಜರಿಯುತ್ತೇವೆ. ಎಕ್ಸಲೇಟರ್ ಕೊಟ್ಟ ಕೂಡಲೇ ತಡೆಯುವುದಕ್ಕೆ ‘ಮುಗ್ಗರಿಸುತ್ತದೆ’. ಓಡುತ್ತಾ ಓಡುತ್ತಾ ಬಿಟ್ಟು ಬಿಟ್ಟು ಹೊಡೆದರೆ ‘ಬಿಕ್ಕುತ್ತದೆ’. ಕಾರ್ಬುರೇಟರ್ ಕಡೆಗೆ ಉರಿ ಬಂದು ಪುಸ್ ಅಂದರೆ ‘ಸೀನುತ್ತದೆ’. ಸೈಲೆನ್ಸರಿನಲ್ಲಿ ಸಿಡಿದರೆ ಅಜ್ಜನ ‘ಬೊಡಿ’, ಇಲ್ಲವೇ ‘ಸಿಡಿಯುತ್ತದೆ’. ಈ ಕೊನೆಯ ಎರಡಕ್ಕೂ ಈಗ ಎಲ್ಲರೂ ಬ್ಯಾಕ್‌ಫೈರ್ ಅಂತಲೇ ಅನ್ನುವುದು. ಆದರೆ ಒಂದು ಇಂಜಿನ್ನಿನ ಮುಂದಿನ ಬಾಗಿಲಲ್ಲಿ ಆಗುವುದು, ಇನ್ನೊಂದು ಹಿಂದಿನ ಬಾಗಿಲಲ್ಲಿ. ಹುಡುಕಬೇಕಾದ ಜಾಗವೇ ಬೇರೆ.

ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ರಿಚ್ (ಪೆಟ್ರೋಲ್ ಜಾಸ್ತಿ) ಅನ್ನುವುದಕ್ಕೆ ‘ಬಡ ಮಿಶ್ರಣ’, ‘ಶ್ರೀಮಂತ ಮಿಶ್ರಣ’ ಅಂತ ಬರೆದರೆ ಯಾರಿಗೂ ತಿಳಿಯುವುದಿಲ್ಲ. ಅಡುಗೆಮನೆಯ ‘ತೆಳು’, ‘ಮಂದ’ ಹೇಗೆ? ಸಾರು ತೆಳುವಾಯಿತು, ಗಂಜಿ ಮಂದವಾಯಿತು ಅಂತೇವಲ್ಲ. ‘ಪೆಟ್ರೋಲ್ ತೆಳುವಾಗಿದೆ’ ಅಂದಾಗ ಇಕ್ಕನಿಗೂ ಒಂದೇ ಸಲಕ್ಕೆ ಹೊಳೆಯಿತು. ಇದು ನನಗೆ ತೀರ ಬೇಕಾದ ಪದ, ನಿಮ್ಮ ಅಭಿಪ್ರಾಯ ತಿಳಿಸಿ.

ಏರ್ ಎಳೆಯುವುದಕ್ಕೆ ‘ಗಾಳಿ ಕುಡೀತಿದೆ’ ಅಂತ ಹೇಳಲು ಶುರು ಮಾಡಿದ್ದೇನೆ. ಬೆಟ್ಟದ ಏರಿಗೂ ಇದಕ್ಕೂ ಸಂಬಂಧವೇ ಬರುವುದಿಲ್ಲ. ಭಾವನಿಗೆ ಒಪ್ಪಿಗೆಯಾಗಿದೆ. ‘ಗಾಳಿ ಕಳ್ಳ ದಾರಿಯಲ್ಲಿ ಬರ್ತದೆ’ ಅಂತ ಇಕ್ಕ ಒಮ್ಮೆ ಅಂದರು, ಅದೂ ಚೆನ್ನಾಗಿದೆ, ಸ್ವಲ್ಪ ಉದ್ದ.

ಹಾಸನ, ಮಲೆನಾಡು, ಹುಬ್ಬಳ್ಳಿ ಕಡೆಯವರು ಇದಕ್ಕೆ ಏನಂತಾರೆ? ಉತ್ತರ ಕರ್ನಾಟಕದವರು ‘ಎಳೆ’ ಬದಲು ‘ಜಗ್ಗು’ ಅಂತೀರಲ್ಲ, ‘ಗಾಡಿ ಜಗ್ಗವಲ್ದು’ ಅಂದರೆ ಬಲ ಇಲ್ಲ ಅಂತ ಮಾತ್ರವೋ, ‘ಗಾಳಿ ಜಗ್ತದ’ ಅಂತಲೂ ಗ್ಯಾರೇಜಿನಲ್ಲಿ ಕೇಳಿದ್ದೀರಾ? ಏರಿಗೆ ನೀವು ‘ದಿಬ್ಬ’ ಅನ್ನುವವರಾದರೆ ಈ ಗೊಂದಲ ನಿಮ್ಮಲ್ಲಿ ಹುಟ್ಟಿಯೇ ಇರಲಿಕ್ಕಿಲ್ಲ, ಹೌದಾ?