ಸಂಘದ ಹೆಸರಿನಲ್ಲಿ ಬಹಿರಂಗ ಹೇಳಿಕೆ ಕೊಟ್ಟವರಿದ್ದೀರಾ? ಅನುಭವ ಹೇಳಿ

ಕೇಳಿದವರು: ವೃತ್ತಿನಿರತರ ಸಂಘವೊಂದರ ಪದಾಧಿಕಾರಿ

ನಮ್ಮ ಬಳಿ ಸಲಹೆಗೆ ಬರುವ ಜನರ ಖಾಸಗಿ ವಿವರಗಳನ್ನು ನಾವೇ ಬರೆದು ಅಧಿಕಾರಿಗಳಿಗೆ ಒಪ್ಪಿಸಬೇಕೆಂದು ಹೊಸ ನಿಯಮ ಬಂದಿದೆ. ಮನವಿ ಕೊಟ್ಟೆವು, ನಿಯೋಗ ಹೋದೆವು, ಉತ್ತರವಿಲ್ಲ. ಬೀದಿಗಿಳಿದು ಅಭ್ಯಾಸವಿರುವ ಮಂದಿ ನಾವಲ್ಲ. ಹಾಗಾಗಿ ಸಂಘದ ಹೆಸರಿನಲ್ಲಿ ಒಂದು ಬಹಿರಂಗ ಹೇಳಿಕೆ ಹೊರಡಿಸುವ ಮಾತು ನಡೆದಿದೆ. "ಒಂದು ಹಾಳೆಯಿಂದ ಏನಾದೀತು" ಎನ್ನುವವರು ಕೆಲವರು, "ನಾಳೆ ಸಂಘದ ನೋಂದಣಿಯೇ ರದ್ದಾದರೆ?" ಎನ್ನುವವರು ಇನ್ನು ಕೆಲವರು. ಇಂಥದ್ದು ಮಾಡಿದವರು, ಹತ್ತಿರದಿಂದ ನೋಡಿದವರು, ಓದಿ ತಿಳಿದವರು ದಯವಿಟ್ಟು ಹೇಳಿ. ಯಾರು ಬರೆಯಬೇಕು, ಯಾರು ಸಹಿ ಹಾಕಬೇಕು, ಆಮೇಲೆ ಏನಾಗುತ್ತದೆ?

ನೌಕರರ ಸಂಘದ ಮಾಜಿ ಕಾರ್ಯದರ್ಶಿ

ಮೊದಲು ಬೈಲಾ ತೆಗೆದು ನೋಡಿ. ಸಂಘದ ಪರವಾಗಿ ಮಾತಾಡುವ ಅಧಿಕಾರ ಯಾರಿಗಿದೆ, ಕಾರ್ಯಕಾರಿ ಸಮಿತಿ ಸಾಕೇ, ಸರ್ವಸದಸ್ಯರ ಸಭೆಯೇ ಬೇಕೇ ಎಂಬುದು ಅಲ್ಲಿರುತ್ತದೆ. ಸಮಿತಿ ಸಾಕು ಎಂದಿದ್ದರೂ ಸರ್ವಸದಸ್ಯರ ಸಭೆಗೇ ಒಯ್ಯಿರಿ ಎನ್ನುವವನು ನಾನು. ಹೇಳಿಕೆ ಹೊರಬಿದ್ದ ಮರುದಿನವೇ ಎದುರಿನಿಂದ ಬರುವ ಮೊದಲ ಮಾತು "ಇದು ಸಂಘದ ಅಭಿಪ್ರಾಯವಲ್ಲ, ನಾಲ್ಕು ಜನರ ಕಿತಾಪತಿ" ಎಂದೇ. ಆಗ ಕೈಯಲ್ಲಿರಬೇಕಾದದ್ದು ನಡಾವಳಿ ಪುಸ್ತಕ: ಸಭೆಯ ನೋಟಿಸು ಯಾವಾಗ ಹೋಯಿತು, ಕೋರಂ ಇತ್ತೇ, ಠರಾವು ಮಂಡಿಸಿದವರು ಯಾರು, ಅನುಮೋದಿಸಿದವರು ಯಾರು, ಪರ ಎಷ್ಟು, ವಿರೋಧ ಎಷ್ಟು.

ಬರೆಯುವ ಕೆಲಸ ಇಬ್ಬರು ಮೂವರಿಗೆ ಬಿಡಿ. ಇಡೀ ಸಭೆ ಕೂತು ಬರೆದರೆ ಪ್ರತಿಯೊಬ್ಬರೂ ತಮ್ಮದೊಂದು ದೂರು ಸೇರಿಸುತ್ತಾರೆ, ಕೊನೆಗೆ ಹೇಳಿಕೆ ಕರಪತ್ರವಾಗುತ್ತದೆ. ನಮ್ಮಲ್ಲಿ ಕರಡು ಸಿದ್ಧವಾದ ಮೇಲೆ ‘ಉಗ್ರವಾಗಿ’, ‘ತೀವ್ರವಾಗಿ’, ‘ಒಕ್ಕೊರಲಿನಿಂದ’ ಎಲ್ಲವನ್ನೂ ಹೊಡೆದುಹಾಕಿದೆವು. ಒಕ್ಕೊರಲು ಇರಲೂ ಇಲ್ಲ ಅನ್ನಿ. ಉಳಿದದ್ದು ಒಂದು ಪುಟ. ಓದಿದವರಿಗೆ ನಮ್ಮ ನಿಲುವು ಮೊದಲ ಎರಡು ಸಾಲಿನಲ್ಲೇ ತಿಳಿಯುತ್ತಿತ್ತು.

ಇತಿಹಾಸ ಪಾಠ ಮಾಡುವವಳು

"ಒಂದು ಹಾಳೆ" ಎನ್ನುವವರಿಗೆ ನಾರ್ವೆಯ ಕತೆ ಹೇಳಿ. ಅಹಿಂಸಾ ಹೋರಾಟಗಳನ್ನು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಜೀನ್ ಶಾರ್ಪ್ 1973ರಲ್ಲಿ ಅಹಿಂಸಾತ್ಮಕ ಹೋರಾಟದ 198 ವಿಧಾನಗಳನ್ನು ಪಟ್ಟಿ ಮಾಡಿದಾಗ ಭಾಷಣ, ಪತ್ರಗಳ ನಂತರ ಮೂರನೆಯದಾಗಿ ಇಟ್ಟದ್ದು ಸಂಘಸಂಸ್ಥೆಗಳ ಘೋಷಣೆಯನ್ನೇ. ಪಟ್ಟಿಯಲ್ಲಿ ಅಷ್ಟು ಮುಂದೆ ಇರುವುದರಿಂದ ಅದು ಸೌಮ್ಯವಾದದ್ದು, ಸುಲಭವಾದದ್ದು ಎಂದು ಭಾವಿಸುವವರಿದ್ದಾರೆ. ಜರ್ಮನರ ಆಕ್ರಮಣದಲ್ಲಿದ್ದ ನಾರ್ವೆಯಲ್ಲಿ ಅದು ಸೌಮ್ಯವಾಗಿರಲಿಲ್ಲ.

1941ರ ಮೇ 15ರಂದು ಅಲ್ಲಿನ 43 ಸಂಘಟನೆಗಳು ಜರ್ಮನ್ ಆಡಳಿತಾಧಿಕಾರಿ ಟೆರ್ಬೋವನ್‌ಗೆ ಒಟ್ಟಾಗಿ ಪ್ರತಿಭಟನಾ ಪತ್ರ ಬರೆದವು. ಅವುಗಳ ಒಟ್ಟು ಸದಸ್ಯರು ಸುಮಾರು ಏಳೂವರೆ ಲಕ್ಷ. ಜೂನ್‌ನಲ್ಲಿ ಆತ ಮುಖಂಡರನ್ನು ಕರೆಸಿ, ಕೆಲವರನ್ನು ಬಂಧಿಸಿ, ಕೆಲವು ಸಂಘಟನೆಗಳನ್ನು ವಿಸರ್ಜಿಸಿ, ಉಳಿದವುಗಳ ಮೇಲೆ ತನ್ನವರನ್ನು ಕೂರಿಸಿದ.

ಕತೆ ಇಲ್ಲಿಗೆ ಮುಗಿಯಲಿಲ್ಲ. 1942ರ ಫೆಬ್ರವರಿಯಲ್ಲಿ, ಜರ್ಮನರು ಕೂರಿಸಿದ ನಾರ್ವೆಯ ನಾಜಿ ಮುಖಂಡ ಕ್ವಿಸ್ಲಿಂಗ್‌ನ ಸರ್ಕಾರ ಶಿಕ್ಷಕರಿಗೆಲ್ಲ ಕಡ್ಡಾಯ ಸದಸ್ಯತ್ವದ ಹೊಸ ಸಂಘವೊಂದನ್ನು ಹುಟ್ಟುಹಾಕಿತು, ಮಕ್ಕಳನ್ನು ನಾಜಿ ಮಾದರಿಯ ಯುವಸಂಘಕ್ಕೆ ಸೇರಿಸುವ ಕಾನೂನು ತಂದಿತು. ಶಿಕ್ಷಕರ ಗುಪ್ತ ಸಮಿತಿ ಒಂದು ಚಿಕ್ಕ ಒಕ್ಕಣೆ ಸಿದ್ಧಮಾಡಿತು. ಇಂಥ ಶಿಕ್ಷಣದಲ್ಲಿ ಭಾಗವಹಿಸುವುದು ನನ್ನ ಆತ್ಮಸಾಕ್ಷಿಗೆ ವಿರುದ್ಧ, ಆದ್ದರಿಂದ ಆ ಹೊಸ ಸಂಘದ ಸದಸ್ಯ ನಾನಲ್ಲ ಎಂಬುದು ಅದರ ಸಾರ. ಸಾವಿರಾರು ಶಿಕ್ಷಕರು ಅದೇ ಮಾತುಗಳನ್ನು ತಮ್ಮ ಹೆಸರು, ವಿಳಾಸ ಸಹಿತ ಬರೆದು ಒಂದೇ ಹೊತ್ತಿಗೆ ಅಂಚೆಗೆ ಹಾಕಿದರು. ಮಾರ್ಚ್‌ನಲ್ಲಿ ಸುಮಾರು 1,100 ಶಿಕ್ಷಕರ ಬಂಧನವಾಯಿತು. ಅವರಲ್ಲಿ 600ಕ್ಕೂ ಹೆಚ್ಚು ಜನರನ್ನು ದೂರದ ಉತ್ತರದ ಕಿರ್ಕೆನೆಸ್‌ಗೆ ಸಾಗಿಸಿ ಜೀತ ಮಾಡಿಸಿದರು. ಆದರೂ ಹೊರಗಿದ್ದವರು ಹಿಂದೆ ಸರಿಯಲಿಲ್ಲ, ಪೋಷಕರೂ ಪತ್ರಗಳ ಮೇಲೆ ಪತ್ರ ಬರೆದರು. ಆ ವರ್ಷ ಮುಗಿಯುವುದರೊಳಗೆ ಕಿರ್ಕೆನೆಸ್‌ಗೆ ಹೋದವರು ಮನೆಗೆ ಮರಳಿದರು, ಶಾಲೆಗಳನ್ನು ನಾಜಿಮಯ ಮಾಡುವ ಯೋಜನೆ ಕೈಬಿಟ್ಟುಹೋಯಿತು.

ನನ್ನ ಓದಿನಲ್ಲಿ ಎದ್ದುಕಾಣುವುದು ಆ ಒಕ್ಕಣೆಯ ಕರ್ತೃಪದ. ‘ಸರ್ಕಾರ ಹೀಗೆ ಮಾಡಬಾರದು’ ಎಂದಲ್ಲ, ‘ನಾನು ಇದನ್ನು ಮಾಡುವುದಿಲ್ಲ’ ಎಂದು. ಮೊದಲನೆಯದಕ್ಕೆ ಮೇಲಿನವರ ಒಪ್ಪಿಗೆ ಬೇಕು. ಎರಡನೆಯದು ಸಹಿ ಬಿದ್ದ ಗಳಿಗೆಯಿಂದಲೇ ಜಾರಿ.

ಹೇಳಿಕೆಗಳಲ್ಲಿ ನಂಬಿಕೆ ಕಳಕೊಂಡವನು

ಮೇಡಂ, ನಿಮ್ಮ ಉದಾಹರಣೆಯೇ ನನ್ನ ಅನುಮಾನಕ್ಕೆ ಸಾಕ್ಷಿ. ಗೆದ್ದದ್ದು ಶಿಕ್ಷಕರ ಅಸಹಕಾರ. ಬರೀ ಹೇಳಿಕೆ ಕೊಟ್ಟ 43 ಸಂಘಟನೆಗಳಲ್ಲಿ ಕೆಲವುಗಳ ಬಾಗಿಲು ಮುಚ್ಚಿತು, ಉಳಿದವು ಎದುರಿನವರ ಕೈಗೆ ಹೋದವು. ನಾನಿದ್ದ ಸಾಂಸ್ಕೃತಿಕ ಸಂಸ್ಥೆಯಲ್ಲಿ ಯಾವುದಕ್ಕೂ ಒಂದು ಖಂಡನಾ ಹೇಳಿಕೆ. ಪತ್ರಿಕೆಯವರು ಮೊದಲು ಮೂರು ಕಾಲಂ ಕೊಡುತ್ತಿದ್ದರು, ಆಮೇಲೆ ಒಂದು, ಆಮೇಲೆ ‘ಸಂಕ್ಷಿಪ್ತ ಸುದ್ದಿ’. ಬಿಸಿ ಆರಿದ ಮೇಲೆ ನಮ್ಮ ಸದಸ್ಯರೇ ಓದುತ್ತಿರಲಿಲ್ಲ.

ಇತಿಹಾಸ ಪಾಠ ಮಾಡುವವಳು

ಸರ್, ಅರ್ಧ ಒಪ್ಪುತ್ತೇನೆ. ಆದರೆ 1941ರ ಪತ್ರದ ನಂತರ ಸಂಘಗಳ ಮೇಲೆ ನಾಜಿಗಳು ಕೂತಾಗ ಸದಸ್ಯರು ಗುಂಪುಗುಂಪಾಗಿ ಹೊರಬಂದರು. ಮುಖಂಡರು ಯಾಕೆ ಹೋದರು, ಕುರ್ಚಿಯಲ್ಲಿ ಈಗ ಕೂತವರು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಆ ಪತ್ರವಿತ್ತು. ಮರುವರ್ಷ ಶಿಕ್ಷಕರಿಗೆ ನೆರವಾದ ಗುಪ್ತ ಸಂಪರ್ಕಜಾಲ ಬೆಳೆದದ್ದೂ ಹೀಗೆ ಹೊರಬಂದವರ ನಡುವೆಯೇ.

ಎಲ್ಲದಕ್ಕೂ ಹೇಳಿಕೆ ಕೊಡುವ ಸಂಸ್ಥೆಯ ವಿಷಯದಲ್ಲಿ ಮಾತ್ರ ನಿಮ್ಮ ಮಾತಿಗೆ ಎದುರಿಲ್ಲ. ಸಂಬಂಧಪಟ್ಟ ವೃತ್ತಿಯವರು, ಅಪರೂಪಕ್ಕೆ, ತಮ್ಮ ಕೆಲಸದ ಬಗ್ಗೆಯೇ ಆಡಿದರೆ ಆ ಮಾತಿಗೆ ತೂಕ.

ವಕೀಲೆ, ಕೆಲವು ಸಂಘಗಳಿಗೆ ಕರಡು ನೋಡಿಕೊಟ್ಟವಳು

ಕರಡನ್ನು ವಕೀಲರಿಗೆ ತೋರಿಸಿ. ನೀವು ಬರೆದಿದ್ದು ಮಾನಹಾನಿಯಾದೀತೇ, ಸದಸ್ಯರ ಸೇವಾ ನಿಯಮಗಳಿಗೆ ಎಲ್ಲಿ ತಾಗುತ್ತದೆ, ನೋಂದಣಿಯ ಷರತ್ತುಗಳೇನು ಎಂಬುದನ್ನು ಮೊದಲೇ ತಿಳಿದಿರಬೇಕು. ನಾನು ಸಾಮಾನ್ಯವಾಗಿ ಹೊಡೆದುಹಾಕುವುದು ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ವಾಕ್ಯಗಳನ್ನು: ‘ದುರುದ್ದೇಶದಿಂದ’, ‘ಸಂಚು ಹೂಡಿ’. ನಿಯಮದ ಸಂಖ್ಯೆ, ದಿನಾಂಕ, ಅದು ಏನು ಮಾಡಲು ಹೇಳುತ್ತದೆ, ಅದರಿಂದ ಯಾರಿಗೆ ಏನಾಗುತ್ತದೆ — ಇಷ್ಟು ಸಾಕು.

ಎದುರಿನವರು ಈಗಾಗಲೇ ಒಪ್ಪಿಕೊಂಡಿರುವ ಕಾನೂನಿನ ಮೇಲೆ ನಿಂತು ಮಾತಾಡುವುದು ಇನ್ನೂ ಒಳ್ಳೆಯದು. ಕಮ್ಯುನಿಸ್ಟ್ ಆಡಳಿತದ ಚೆಕೊಸ್ಲೊವಾಕಿಯಾದಲ್ಲಿ ನಾಗರಿಕರು ಸಹಿ ಹಾಕಿ 1977ರ ಜನವರಿ 1ರ ದಿನಾಂಕ ಹೊತ್ತು ಬಂದ ‘ಚಾರ್ಟರ್ 77’ ಸಂಘಟನೆಯ ಹೇಳಿಕೆಯಲ್ಲ; ನಾವು ಸಂಘಟನೆಯಲ್ಲ ಎಂದು ಅದೇ ಹೇಳಿಕೊಂಡಿತ್ತು. ಆದರೂ ಅದರ ಕಟ್ಟಣೆ ನೋಡಿ ಕಲಿಯುವಂಥದ್ದು. ಮಾನವ ಹಕ್ಕುಗಳ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳನ್ನು ಸರ್ಕಾರವೇ 1976ರ ಅಕ್ಟೋಬರ್‌ನಲ್ಲಿ ತನ್ನ ಕಾನೂನು ಸಂಪುಟದಲ್ಲಿ ಅಚ್ಚು ಹಾಕಿಸಿತ್ತು. ನೀವು ಅಚ್ಚು ಹಾಕಿಸಿದ್ದನ್ನು ನೀವೇ ಪಾಲಿಸಿ ಎಂದಷ್ಟೇ ಸಹಿದಾರರು ಕೇಳಿದರು. ಮಾತಾಡುವ ಹೊಣೆ ಮೂವರು ವಕ್ತಾರರಿಗೆ ಇತ್ತು: ವಾತ್ಸ್ಲಾವ್ ಹಾವೆಲ್, ಯಾನ್ ಪತೋಚ್ಕಾ, ಯಿರ್ಜಿ ಹಾಯೆಕ್.

ಅದಕ್ಕೆ ಸರ್ಕಾರದ ಮರುಪೆಟ್ಟೂ ಗೊತ್ತಿರಲಿ. ಅದೇ ಜನವರಿ 28ರಂದು ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಕಲಾವಿದರನ್ನು ಸೇರಿಸಿ ಚಾರ್ಟರ್‌ಗೆ ಎದುರಾದ ಘೋಷಣೆಗೆ ಸಹಿ ಹಾಕಿಸಿದರು. ತಾವು ಖಂಡಿಸುತ್ತಿದ್ದ ಚಾರ್ಟರನ್ನು ಅವರಲ್ಲಿ ಅನೇಕರು ಓದಿಯೇ ಇರಲಿಲ್ಲ. ಸಂಘಸಂಸ್ಥೆಗಳ ಬಾಯಲ್ಲಿ ಘೋಷಣೆ ಹೇಳಿಸುವ ವಿದ್ಯೆ ಅಧಿಕಾರದಲ್ಲಿರುವವರಿಗೂ ಚೆನ್ನಾಗಿ ಬರುತ್ತದೆ. ಹಾಗಾಗಿ ಎಲ್ಲೇ ಹೋದರೂ ನಿಮ್ಮ ಹೇಳಿಕೆಯ ಪೂರ್ಣ ಪಾಠ ಜೊತೆಗಿರಲಿ. ಸಾರಾಂಶ ಮಾಡುವ ಅವಕಾಶ ಬೇರೆಯವರಿಗೆ ಕೊಡಬೇಡಿ.

ಧಾರ್ಮಿಕ ಸಂಸ್ಥೆಯೊಂದರ ಸ್ವಯಂಸೇವಕ

ಹೊರಡಿಸುವ ದಿನದ ಬಗ್ಗೆ ಯಾರೂ ಹೇಳಲಿಲ್ಲ. ಆಫ್ರಿಕಾದ ಮಲಾವಿಯಲ್ಲಿ ಅಧ್ಯಕ್ಷ ಹೇಸ್ಟಿಂಗ್ಸ್ ಬಾಂಡಾನ ಏಕಪಕ್ಷ ಆಡಳಿತ ದಶಕಗಳಿಂದ ಭದ್ರವಾಗಿ ಕೂತಿತ್ತು. 1992ರ ಮಾರ್ಚ್ 8ರ ಭಾನುವಾರ ದೇಶದ ಕ್ಯಾಥೊಲಿಕ್ ಚರ್ಚುಗಳಲ್ಲೆಲ್ಲ ಏಳು ಬಿಷಪ್‌ಗಳು ಸಹಿ ಮಾಡಿದ ಒಂದೇ ಪತ್ರ ಓದಲಾಯಿತು. ಬಡವ ಬಲ್ಲಿದರ ಅಂತರ, ಶಾಲೆ ಆಸ್ಪತ್ರೆಗಳ ದುಃಸ್ಥಿತಿ, ಬಾಯಿ ಬಿಡಲು ಜನ ಹೆದರುವ ವಾತಾವರಣ — ಎಲ್ಲರಿಗೂ ಗೊತ್ತಿದ್ದು ಯಾರೂ ಜೋರಾಗಿ ಹೇಳದೇ ಇದ್ದದ್ದೇ ಅದರಲ್ಲಿತ್ತು. ಗುಟ್ಟಾಗಿ ಅಚ್ಚಾಗಿ, ಜನರಾಡುವ ಚಿಚೆವಾ, ತುಂಬುಕಾ ಭಾಷೆಗಳಲ್ಲೂ ಸಿದ್ಧವಾಗಿ, ಒಂದೇ ಬೆಳಿಗ್ಗೆ ಎಲ್ಲೆಡೆ ಹೊರಬಿತ್ತು. ಎಲ್ಲಿ ಅಂತ ತಡೆಯುತ್ತಾರೆ? ಬಿಷಪ್‌ಗಳನ್ನು ಕರೆಸಿ ಪೊಲೀಸರು ವಿಚಾರಣೆ ಮಾಡಿದರು, ಪತ್ರ ಇಟ್ಟುಕೊಳ್ಳುವುದೇ ಅಪರಾಧವಾಯಿತು. ಅಷ್ಟರಲ್ಲಿ ವಿದ್ಯಾರ್ಥಿಗಳು ಬೀದಿಗೆ ಬಂದಿದ್ದರು. 1993ರ ಜೂನ್ 14ರ ಜನಮತಗಣನೆಯಲ್ಲಿ ಶೇಕಡಾ 60ಕ್ಕೂ ಹೆಚ್ಚು ಮತ ಬಹುಪಕ್ಷ ಪದ್ಧತಿಗೆ ಬಿತ್ತು, ಮರುವರ್ಷದ ಚುನಾವಣೆಯಲ್ಲಿ ಬಾಂಡಾ ಸೋತ.

ಪತ್ರವೊಂದೇ ಇದನ್ನೆಲ್ಲ ಮಾಡಿತು ಎನ್ನಲಾರೆ, ವಿದೇಶಿ ನೆರವು ನಿಂತದ್ದೂ ದೊಡ್ಡ ಕಾರಣ. ಆದರೆ ಎಲ್ಲೆಡೆ ಒಂದೇ ದಿನ, ಕೇಳುವವರ ಭಾಷೆಯಲ್ಲಿ, ಎದುರಿಗೆ ನಿಂತು ಗಟ್ಟಿಯಾಗಿ ಓದುವುದು ಬೇರೆಯದೇ ಕೆಲಸ ಮಾಡುತ್ತದೆ. ಕೇಳಿದವನು ಪಕ್ಕದವನ ಮುಖ ನೋಡುತ್ತಾನೆ, ಅವನೂ ಕೇಳಿದ ಎಂದು ಗೊತ್ತಾಗುತ್ತದೆ. ನಿಮ್ಮ ಶಾಖೆಗಳಲ್ಲೂ ಹೀಗೆ ಓದಿಸಿ.

ಹೆಸರು ಬೇಡ

ಭಾರತದ ಉದಾಹರಣೆ ಯಾಕೆ ಬಿಟ್ಟಿರಿ? ಲಾಹೋರ್ ಅಧಿವೇಶನದಲ್ಲಿ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ಠರಾವು ಮಾಡಿದ್ದು 1929ರ ಡಿಸೆಂಬರ್ ಕೊನೆಯಲ್ಲಿ. ಶಾಸನಸಭೆಗಳಲ್ಲಿದ್ದ ತನ್ನ ಸದಸ್ಯರು ರಾಜೀನಾಮೆ ಕೊಡಬೇಕೆಂದೂ ಅದೇ ಠರಾವಿನಲ್ಲಿತ್ತು. 1930ರ ಜನವರಿ 26ರಂದು ಊರೂರಿನ ಸಭೆಗಳಲ್ಲಿ ಪ್ರತಿಜ್ಞೆ ಓದಿದರು, ಮಾರ್ಚ್‌ನಲ್ಲಿ ದಂಡಿಗೆ ನಡಿಗೆ ಹೊರಟಿತು. ಮೇಲಿನ ಸರ್ ಹೇಳುವ ‘ಬರೀ ಹೇಳಿಕೆ’ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ: ನಾವೇ ಏನು ಬಿಡುತ್ತೇವೆ ಎಂಬುದು ಒಳಗೇ ಇತ್ತು.

ಸಮಾಜಕಾರ್ಯದಲ್ಲಿರುವವಳು

ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಹಿ ಹಾಕಿದವರೇ ಬೆಲೆ ತೆರುತ್ತಾರೆ ಎಂದು ಎಲ್ಲರೂ ಮಾತಾಡುತ್ತಿದ್ದೀರಿ. ಯಾವಾಗಲೂ ಹಾಗಾಗುವುದಿಲ್ಲ.

1942ರ ಜುಲೈನಲ್ಲಿ ನೆದರ್‌ಲ್ಯಾಂಡ್ಸ್‌ನ ಚರ್ಚುಗಳು ಯಹೂದಿಗಳ ಗಡೀಪಾರಿನ ವಿರುದ್ಧ ಜರ್ಮನ್ ಆಡಳಿತಕ್ಕೆ ಒಟ್ಟಾಗಿ ತಂತಿ ಕಳಿಸಿದವು. ದೀಕ್ಷಾಸ್ನಾನ ಪಡೆದ ಯಹೂದಿಗಳನ್ನು ಬಿಡುತ್ತೇವೆ ಎಂಬ ಆಮಿಷ ಬಂತು, ಬಹಿರಂಗವಾಗಿ ಓದಬೇಡಿ ಎಂಬ ಒತ್ತಡವೂ ಬಂತು. ಅತಿದೊಡ್ಡ ಪ್ರೊಟೆಸ್ಟೆಂಟ್ ಚರ್ಚು ಓದದೇ ಬಿಟ್ಟಿತು. ಕ್ಯಾಥೊಲಿಕ್ ಬಿಷಪ್‌ಗಳು ಜುಲೈ 26ರಂದು ಓದಿಸಿದರು. ಆಗಸ್ಟ್ 2ರಂದು ಯಹೂದಿ ಮೂಲದ ಕ್ಯಾಥೊಲಿಕರನ್ನು ಹುಡುಕಿ ಹಿಡಿದರು. ಅವರಲ್ಲೊಬ್ಬರಾದ, ಸನ್ಯಾಸಿನಿ ಹಾಗೂ ತತ್ತ್ವಶಾಸ್ತ್ರಜ್ಞೆ ಎಡಿತ್ ಸ್ಟೈನ್ ಆಗಸ್ಟ್ 9ರಂದು ಆಶ್‌ವಿಟ್ಜ್‌ನಲ್ಲಿ ಕೊಲೆಯಾದರು.

ಬಿಷಪ್‌ಗಳು ಓದಿಸಿದ್ದು ತಪ್ಪು ಎನ್ನುವ ಮನಸ್ಸು ನನಗಿಲ್ಲ. ಸುಮ್ಮನಿದ್ದರೂ ಆ ಆಡಳಿತ ಕೊಟ್ಟ ಮಾತಿಗೆ ಬೆಲೆ ಎಷ್ಟು? ಮರುವರ್ಷ ಡೆನ್ಮಾರ್ಕ್‌ನಲ್ಲಿ ಅಕ್ಟೋಬರ್ 3ರಂದು ಯಹೂದಿಗಳ ಮೇಲಿನ ದಮನವನ್ನು ಖಂಡಿಸಿದ ಲೂಥರನ್ ಬಿಷಪ್‌ಗಳ ಪತ್ರ ಚರ್ಚುಗಳಲ್ಲಿ ಓದಿದಾಗ ಪರಿಣಾಮ ಬೇರೆಯೇ ಆಯಿತು. ಅಲ್ಲಿ ಜನ ಆಗಲೇ ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸುತ್ತಿದ್ದರು, 7,000ಕ್ಕೂ ಹೆಚ್ಚು ಮಂದಿ ಬದುಕಿಕೊಂಡರು. ನಿಮ್ಮ ವಿಷಯಕ್ಕೆ ಬಂದರೆ, ಪೆಟ್ಟು ಬೀಳುವುದು ನಿಮ್ಮ ಬಳಿ ಬರುವ ಜನರ ಮೇಲಾಗಿರಬಹುದು. ಕರಡು ಮುಗಿಯುವ ಮೊದಲು ಅವರಲ್ಲಿ ಕೆಲವರನ್ನಾದರೂ ಕೂರಿಸಿ ಕೇಳಿ. ಅವರ ವಿವರಗಳಿರುವ ಕಡತಗಳು ಈಗ ಎಲ್ಲಿವೆ ಎಂಬುದನ್ನೂ ನೋಡಿಕೊಳ್ಳಿ.

ಕೇಳಿದವರು

ಕಡತಗಳ ಮಾತು ಯಾರ ತಲೆಗೂ ಹೊಳೆದಿರಲಿಲ್ಲ, ಧನ್ಯವಾದ. ‘ಸಂಘ ಖಂಡಿಸುತ್ತದೆ’ ಬದಲು ‘ಸಂಘದ ಸದಸ್ಯರು ಈ ವಿವರಗಳನ್ನು ಸಂಗ್ರಹಿಸುವುದಿಲ್ಲ’ ಎಂದು ಬರೆಯೋಣ ಎಂದರೆ, ಒಪ್ಪದ ಸದಸ್ಯರನ್ನೇನು ಮಾಡುವುದು? ಐದಾರು ಜನ ಖಂಡಿತ ಒಪ್ಪುವುದಿಲ್ಲ.

ನೌಕರರ ಸಂಘದ ಮಾಜಿ ಕಾರ್ಯದರ್ಶಿ

ಅವರ ಪರವಾಗಿ ಮಾತು ಕೊಡಬೇಡಿ. ಎರಡು ಕಾಗದ ಮಾಡಿ. ಒಂದು ಸಂಘದ ಠರಾವು: ಬಹುಮತದ ನಿಲುವು ಇದು, ಹೀಗೆ ನಿರಾಕರಿಸುವ ಸದಸ್ಯರ ಬೆನ್ನಿಗೆ ಸಂಘ ನಿಲ್ಲುತ್ತದೆ ಎಂದು. ಇನ್ನೊಂದು ವೈಯಕ್ತಿಕ ಪತ್ರ, ಮೇಡಂ ಹೇಳಿದ ನಾರ್ವೆಯವರ ಹಾಗೆ, ಇಷ್ಟವಿದ್ದವರು ಮಾತ್ರ ಸಹಿ ಹಾಕುವಂಥದ್ದು. ಒಪ್ಪದವರ ಭಿನ್ನಮತವನ್ನು ನಡಾವಳಿಯಲ್ಲಿ ಅವರದೇ ಮಾತಿನಲ್ಲಿ ಬರೆಸಿ. ನಮ್ಮಲ್ಲಿ ಭಿನ್ನಮತ ಬರೆಸಿದ ಹಿರಿಯರೊಬ್ಬರು ಆಮೇಲೆ ಹೊರಗೆಲ್ಲೂ ನಮ್ಮ ವಿರುದ್ಧ ಮಾತಾಡಲಿಲ್ಲ, ಬಾಯಿ ಮುಚ್ಚಿಸಿದ್ದರೆ ಖಂಡಿತ ಆಡುತ್ತಿದ್ದರು. ‘ಬೆನ್ನಿಗೆ ನಿಲ್ಲುತ್ತದೆ’ ಎಂದು ಬರೆಯುವ ಮೊದಲು ಖಜಾಂಚಿಯವರನ್ನು ಕೇಳಿ. ವಕೀಲರ ಶುಲ್ಕ, ಅಮಾನತಾದವರ ಮನೆಖರ್ಚು ಎಷ್ಟು ತಿಂಗಳು ನಡೆಸಬಲ್ಲಿರಿ ಎಂದು ಲೆಕ್ಕ ಹಾಕಿ. ಎರಡು ತಿಂಗಳಿಗೂ ಇಲ್ಲದಿದ್ದರೆ ಮೊದಲು ನಿಧಿ ಕೂಡಿಸಿ, ಹೇಳಿಕೆ ಆಮೇಲೆ.