ಏಳು ಉಂಗುರ ಮಾರ್ವೆಲ್ ಲೋಕಕ್ಕೆ ಬಂದರೆ ಯಾವುದು ಯಾರ ಬೆರಳಿಗೆ?

ಹಸಿರುಕಂದೀಲು ಕೇಳಿದ್ದು:

ನಮಸ್ಕಾರ. ಒಂದು ಫ್ಯಾನ್ ಕಾಮಿಕ್‌ಗೆ ಕಥೆ ಹೆಣೆಯುತ್ತಿದ್ದೇನೆ. ಡಿಸಿಯ ‘ಬ್ಲ್ಯಾಕೆಸ್ಟ್ ನೈಟ್’ನಲ್ಲಿ (2009-10) ಒಂದೊಂದು ಭಾವದಿಂದ ಬಲ ಪಡೆಯುವ ಏಳು ಬಣ್ಣದ ಉಂಗುರಗಳು ತಮ್ಮದೊಂದು ಪ್ರತಿ ಮಾಡಿಕೊಂಡು, ಏಳು ಜನರನ್ನು 24 ಗಂಟೆಗೆ ಹಂಗಾಮಿ ಲ್ಯಾಂಟರ್ನ್‌ಗಳಾಗಿ, ಅಂದರೆ ಉಂಗುರಧಾರಿ ಯೋಧರಾಗಿ, ಸೇರಿಸಿಕೊಂಡವಲ್ಲ, ಅದೇ ಮಾರ್ವೆಲ್ ಲೋಕದಲ್ಲಿ ನಡೆದರೆ ಏನಾಗುತ್ತದೆ ಎಂಬುದು ಎಳೆ. ಸದ್ಯದ ಪಟ್ಟಿ ಹೀಗಿದೆ: ಕೆಂಪು (ಕ್ರೋಧ) ಹಲ್ಕ್‌ಗೆ, ಕಿತ್ತಳೆ (ದುರಾಸೆ) ಡಾಕ್ಟರ್ ಡೂಮ್‌ಗೆ, ಹಳದಿ (ಭಯ) ಪನಿಷರ್‌ಗೆ, ಹಸಿರು (ಇಚ್ಛಾಶಕ್ತಿ) ಡೇರ್‌ಡೆವಿಲ್‌ಗೆ, ನೀಲಿ (ಭರವಸೆ) ಕ್ಯಾಪ್ಟನ್ ಅಮೆರಿಕಗೆ (ಸ್ಟೀವ್), ಇಂಡಿಗೊ (ಕರುಣೆ) ಪ್ರೊಫೆಸರ್ ಎಕ್ಸ್‌ಗೆ, ನೇರಳೆ (ಪ್ರೀತಿ) ಸ್ಕಾರ್ಲೆಟ್ ವಿಚ್ ವಾಂಡಾಗೆ.

ಪಟ್ಟಿ ನಿಲ್ಲುತ್ತದೆಯೇ? ಬ್ಯಾಟರಿಗಳೆಲ್ಲ ಡಿಸಿ ಲೋಕದಲ್ಲೇ ಇರುವಾಗ ಉಂಗುರಗಳಿಗೆ ಚಾರ್ಜ್ ಎಲ್ಲಿಂದ? 24 ಗಂಟೆ ಮುಗಿದ ಮೇಲೆ ತೊಟ್ಟವರ ಗತಿ ಏನು?

ಬಣ್ಣದಪಟ್ಟಿ ಉತ್ತರ:

ಯಾರಲ್ಲಿ ಯಾವ ಭಾವ ಹೆಚ್ಚು ಅಂತ ನೋಡಿ ಉಂಗುರ ಹಂಚಿದ್ದೀರಿ. ಉಂಗುರಗಳು ಹಾಗೆ ಆರಿಸುವುದಿಲ್ಲ. ಒಂದೊಂದು ಉಂಗುರದ ಕ್ರಿಯಾಪದವೇ ಬೇರೆ. ಕೆಂಪು ಮತ್ತು ನೇರಳೆಗೆ ಆ ಭಾವ ಎದೆಯೊಳಗೆ ‘ಇರಬೇಕು’. ಹಳದಿ ಮತ್ತು ನೀಲಿಗೆ ಅದನ್ನು ಎದುರಿನವರಲ್ಲಿ ‘ಹುಟ್ಟಿಸಬೇಕು’. ಹಸಿರಿಗೆ ಭಯವನ್ನು ‘ಗೆಲ್ಲಬೇಕು’. ಇಂಡಿಗೊಗೆ ಇನ್ನೊಬ್ಬರ ನೋವಿಗೆ ‘ಮರುಗಬೇಕು’. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಕೆಂಪು ಉಂಗುರ ಕೇಳುವುದು ಪಾತ್ರದೊಳಗಿನ ಸ್ಥಾಯಿಭಾವವನ್ನು, ಹಳದಿ ಕೇಳುವುದು ನೋಡುವವನಲ್ಲಿ ಏಳುವ ರಸವನ್ನು. ತೊಟ್ಟವನು ಹೆದರುತ್ತಾನೋ ಇಲ್ಲವೋ ಹಳದಿಗೆ ಬೇಡ. ‘ಬ್ಲ್ಯಾಕೆಸ್ಟ್ ನೈಟ್’ನಲ್ಲಿ ಅದು ಸ್ಕೇರ್‌ಕ್ರೋನನ್ನು ಆರಿಸಿತು. ಊರಿಗೆಲ್ಲ ಭಯ ಹಂಚುವ ಆತ ಬ್ಯಾಟ್‌ಮ್ಯಾನ್ ಒಬ್ಬನನ್ನು ಬಿಟ್ಟರೆ ಯಾವುದಕ್ಕೂ ಹೆದರದವನು.

ಆದ್ದರಿಂದ ಪನಿಷರ್ ಸರಿ. ಹಳದಿ ಉಂಗುರ ಅಂದರೆ ಖಳನ ಉಂಗುರ ಎಂದೇನೂ ಅಲ್ಲ. 2007ರ ಸುಮಾರಿಗೆ ಅದು ಬ್ಯಾಟ್‌ಮ್ಯಾನ್‌ನನ್ನೇ ಹುಡುಕಿಕೊಂಡು ಬಂದಿತ್ತು. ಆತ ಕೊಡವಿ ಹಾಕಲು ಸಾಧ್ಯವಾದದ್ದು ಹಿಂದೊಮ್ಮೆ ಗ್ರೀನ್ ಲ್ಯಾಂಟರ್ನ್ ಹ್ಯಾಲ್ ಜೋರ್ಡನ್‌ನ ಹಸಿರು ಉಂಗುರ ತೊಟ್ಟಿದ್ದರಿಂದ, ಆ ಬೆಳಕಿನ ಶೇಷ ಮೈಯಲ್ಲಿ ಉಳಿದಿತ್ತು. ಇದನ್ನು ಕಥೆಯಲ್ಲಿ ಬಳಸಿಕೊಳ್ಳಿ: ಮೊದಲು ಒಂದು ಬಣ್ಣ ತೊಟ್ಟವನನ್ನು ಇನ್ನೊಂದು ಬಣ್ಣ ಸುಲಭವಾಗಿ ಹಿಡಿಯಲಾರದು.

ಡೇರ್‌ಡೆವಿಲ್‌ನ ತೊಂದರೆ ಆತನ ಬಿರುದಿನಲ್ಲೇ ಇದೆ. ‘ಭಯವಿಲ್ಲದ ಮನುಷ್ಯ’ ಎಂಬುದು ಹಸಿರಿನ ಹಳೆಯ ನಿಯಮಕ್ಕೆ ಒಪ್ಪುತ್ತದೆ. 1959ರಲ್ಲಿ ಹ್ಯಾಲ್ ಆಯ್ಕೆಯಾದದ್ದು ಪ್ರಾಮಾಣಿಕ, ನಿರ್ಭೀತ ಎಂಬ ಕಾರಣಕ್ಕೆ. ಆದರೆ 2004-05ರ ‘ರೀಬರ್ತ್’ ಕಥೆಯ ನಂತರ ನಿಯಮ ಬದಲಾಯಿತು. ಹಳದಿಯ ಎದುರು ಹಸಿರು ಸೋಲುತ್ತಿದ್ದುದಕ್ಕೆ ಭಯದ ಜೀವರೂಪವಾದ ಪ್ಯಾರಲಾಕ್ಸ್ ಕಾರಣ ಎಂದಾಯಿತು, ಭಯ ಇದೆ ಎಂದು ಒಪ್ಪಿ ಅದನ್ನು ದಾಟಿದವನಿಗೇ ಉಂಗುರ ಎಂದಾಯಿತು. ಭಯವೇ ಇಲ್ಲದವನಿಗೆ ದಾಟಲು ಏನಿದೆ?

ಹಸಿರಿಗೆ ನನ್ನ ಆಯ್ಕೆ ಪೀಟರ್ ಪಾರ್ಕರ್. ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 33ನೇ ಸಂಚಿಕೆ (1966) ತೆಗೆದು ನೋಡಿ. ನೀರಿನಡಿಯ ಅಡಗುತಾಣದಲ್ಲಿ ಮನೆಯಷ್ಟು ದೊಡ್ಡ ಯಂತ್ರ ಬೆನ್ನ ಮೇಲೆ ಬಿದ್ದಿದೆ, ಮೇಲಿಂದ ನೀರು ಸೋರುತ್ತಿದೆ, ಮೇ ಅತ್ತೆಯನ್ನು ಉಳಿಸಬಲ್ಲ ಔಷಧಿಯ ಡಬ್ಬಿ ಕಣ್ಣೆದುರಿಗೇ ಇದೆ, ಕೈಗೆ ಎಟುಕುತ್ತಿಲ್ಲ. ಬೆನ್ನಿನ ಬಲ ಸಾಲದು ಎಂದು ಅವನಿಗೆ ಗೊತ್ತು. ಅತ್ತೆ ಸತ್ತೇ ಹೋಗುತ್ತಾಳೆ ಎಂಬ ಭಯವನ್ನೇ ಸನ್ನೆಗೋಲು ಮಾಡಿಕೊಂಡು ಇಂಚಿಂಚಾಗಿ ಎತ್ತುತ್ತಾನೆ. ಹಸಿರು ಉಂಗುರ ಹುಡುಕುವುದು ಇಂಥದ್ದನ್ನೇ.

ಪುಟತಿರುವು ಉತ್ತರ:

ಚಾರ್ಜ್ ಪ್ರಶ್ನೆಗೆ ಪೂರ್ವನಿದರ್ಶನವಿದೆ. 2003-04ರ ‘ಜೆಎಲ್‌ಎ/ಅವೆಂಜರ್ಸ್’ (ಕರ್ಟ್ ಬ್ಯೂಸಿಕ್, ಜಾರ್ಜ್ ಪೆರೆಸ್, 4 ಸಂಚಿಕೆ) ಇದನ್ನು ಎರಡು ಕಡೆಯಿಂದಲೂ ತೋರಿಸಿದೆ. ಫ್ಲ್ಯಾಶ್ ಮಾರ್ವೆಲ್ ಲೋಕಕ್ಕೆ ಹೋದರೆ ಅಲ್ಲಿ ಅವನ ವೇಗದ ಮೂಲವಾದ ಸ್ಪೀಡ್ ಫೋರ್ಸ್ ಇಲ್ಲ, ಓಟವೇ ನಿಂತುಹೋಗುತ್ತದೆ. ಇತ್ತ ಡಿಸಿಯ ಖಳ ಡಾರ್ಕ್‌ಸೈಡ್ ಕೈಗೆ ಮಾರ್ವೆಲ್ ಲೋಕದ ಸರ್ವಶಕ್ತ ಇನ್ಫಿನಿಟಿ ಗಾಂಟ್ಲೆಟ್ ಸಿಕ್ಕಿದರೂ ಡಿಸಿ ಲೋಕದಲ್ಲಿ ಅದು ಬರೀ ಲೋಹದ ಕೈಗವಸು. ಅಂದರೆ ಶಕ್ತಿಯ ಮೂಲ ಯಾವ ಲೋಕದ್ದೋ ಅದರ ಫಲವೂ ಅಲ್ಲೇ.

ಅದನ್ನು ಉಂಗುರಕ್ಕೆ ಹಚ್ಚಿ ನೋಡಿ. ಹಸಿರಿನ ಕೇಂದ್ರ ಬ್ಯಾಟರಿ ಓಆ ಗ್ರಹದಲ್ಲಿ, ಕೆಂಪಿನದು ಇಸ್ಮಾಲ್ಟ್‌ನಲ್ಲಿ, ನೀಲಿಯದು ಓಡಿಮ್‌ನಲ್ಲಿ, ನೇರಳೆಯದು ಜಮರಾನ್‌ನಲ್ಲಿ. ಮಾರ್ವೆಲ್ ಲೋಕದಲ್ಲಿ ಇದಾವುದೂ ಇಲ್ಲ. ಉಂಗುರದೊಳಗೆ ತುಂಬಿಕೊಂಡು ಬಂದಷ್ಟೇ ಬಂಡವಾಳ. ನಿಮ್ಮ ಕಥೆಗೆ ಇದು ಅನುಕೂಲವೇ, ಏಕೆಂದರೆ ಹಂಗಾಮಿ ಅವಧಿಯೂ 24 ಗಂಟೆ, ಹಳೆಯ ಗ್ರೀನ್ ಲ್ಯಾಂಟರ್ನ್ ಕಥೆಗಳಲ್ಲಿ ಒಂದು ಚಾರ್ಜ್ ಬಾಳುತ್ತಿದ್ದುದೂ 24 ಗಂಟೆ. ಮೊದಲ ಪುಟದಲ್ಲೇ 100% ಎಂದು ತೋರಿಸಿ, ದೊಡ್ಡ ಬಳಕೆಗೆಲ್ಲ ಅಂಕಿ ಇಳಿಸುತ್ತಾ ಹೋಗಿ. ಓದುಗ ತಾನೇ ಲೆಕ್ಕ ಇಟ್ಟುಕೊಳ್ಳುತ್ತಾನೆ.

ಇಲ್ಲಿ ನೀಲಿಯ ಷರತ್ತು ಮರೆಯಬೇಡಿ. ನೀಲಿ ಉಂಗುರ ಒಂಟಿಯಾಗಿದ್ದರೆ ಹಾರಾಟ ಮತ್ತು ರಕ್ಷಾಕವಚ ಅಷ್ಟೇ. ಪೂರ್ಣ ಬಲ ಬರಲು ಹತ್ತಿರದಲ್ಲಿ ಹಸಿರು ಉರಿಯುತ್ತಿರಬೇಕು, ಇಚ್ಛೆ ಇಲ್ಲದ ಭರವಸೆ ಕೆಲಸಕ್ಕೆ ಬಾರದು ಎಂಬುದು ಅದರ ತರ್ಕ. ಪ್ರತಿಯಾಗಿ ನೀಲಿ ಪಕ್ಕದಲ್ಲಿದ್ದರೆ ಹಸಿರಿನ ಚಾರ್ಜ್ 200%ವರೆಗೂ ಏರುತ್ತದೆ, ಹಳದಿಯ ಚಾರ್ಜ್ ಇಳಿಯುತ್ತದೆ. ಆದ್ದರಿಂದ ಸ್ಟೀವ್ ಮತ್ತು ಪೀಟರ್ ಒಂದೇ ದೃಶ್ಯದಲ್ಲಿದ್ದರೆ ಬ್ಯಾಟರಿ ಇಲ್ಲದೆಯೇ ಹಸಿರು ತುಂಬಿಕೊಳ್ಳುತ್ತದೆ, ಅದೇ ಹೊತ್ತಿಗೆ ಪನಿಷರ್ ಬರಿದಾಗುತ್ತಾನೆ. ಮೂವರನ್ನೂ ಒಂದೇ ಬೀದಿಗೆ ತರುವ ಮುನ್ನ ಯೋಚಿಸಿ. ಸ್ಟೀವ್‌ನ ಆಯ್ಕೆ ಮಾತ್ರ ಸರಿಯಾಗಿದೆ, ಬೇರೆಯವರಲ್ಲಿ ಭರವಸೆ ಹುಟ್ಟಿಸುವುದೇ ಆತನ ಕಸುಬು.

ಬೇರೆ ಲೋಕದವರಿಗೆ ಉಂಗುರ ಹಂಚಿದ ಮಾದರಿ ಬೇಕಿದ್ದರೆ 2015ರ ಸ್ಟಾರ್ ಟ್ರೆಕ್ ಕ್ರಾಸೋವರ್ ‘ದ ಸ್ಪೆಕ್ಟ್ರಮ್ ವಾರ್’ (6 ಸಂಚಿಕೆ) ಓದಿ. ಅಲ್ಲಿ ನೀಲಿ ಚೆಕಾಫ್‌ಗೆ, ನೇರಳೆ ಉಹುರಾಗೆ, ಇಂಡಿಗೊ ಡಾಕ್ಟರ್ ಮೆಕಾಯ್‌ಗೆ. ಮೂರೂ ಪಾತ್ರಗಳ ಮೂಲ ಸ್ವಭಾವಕ್ಕೆ ಧಕ್ಕೆಯಾಗದಂತೆ ಕೂತಿವೆ. ಸದಾ ಸಿಡುಕುವ ಮೆಕಾಯ್‌ಗೆ ಕೆಂಪು ಹೋಗಲಿಲ್ಲ ಎಂಬುದನ್ನು ಗಮನಿಸಿ. ಸಿಡುಕು ಮೇಲಿನ ಸಿಪ್ಪೆ, ಒಳಗಿರುವುದು ರೋಗಿಯ ಸಂಕಟ ಕಂಡು ಕರಗುವ ವೈದ್ಯ.

ಕೆಂಪುಮಸಿ ಉತ್ತರ:

ಹಲ್ಕ್ ಬಗ್ಗೆ ಯಾರೂ ಹೇಳಲಿಲ್ಲ, ನಿಮ್ಮ ಕಥೆ ಮುರಿದುಬೀಳುವುದೂ ನಿಲ್ಲುವುದೂ ಅಲ್ಲೇ.

ಕೆಂಪು ಉಂಗುರ ಉಳಿದವುಗಳಂತೆ ತೊಟ್ಟು ಕಳಚುವ ಸಾಮಾನಲ್ಲ. ಬೆರಳಿಗೇರಿದ ಕೂಡಲೇ ಹೃದಯದ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ಮೈಯ ರಕ್ತ ಕೊಳೆತು, ಬಾಯಿಂದ ಕಾರುವ ಬೆಂಕಿಯ ದ್ರವವಾಗುತ್ತದೆ. ಮಾತು, ವಿವೇಕ ಎರಡೂ ಹೋಗುತ್ತವೆ. ಇಸ್ಮಾಲ್ಟ್‌ನ ರಕ್ತದ ಕೊಳದಲ್ಲಿ ಮುಳುಗೆದ್ದವರಿಗೆ ಮಾತ್ರ ಬುದ್ಧಿ ಮರಳುತ್ತದೆ, ಆ ಕೊಳ ನಿಮ್ಮ ಕಥೆಯ ಲೋಕದಲ್ಲಿಲ್ಲ. ಉಂಗುರ ಕಿತ್ತರೆ ಹೃದಯ ನಿಂತಿರುತ್ತದೆ, ಆಸಾಮಿ ಸಾಯುತ್ತಾನೆ. 2010ರಲ್ಲಿ ಹಂಗಾಮಿಯಾಗಿ ಕೆಂಪು ತೊಟ್ಟಿದ್ದ ಮೇರಾ ಬದುಕಿದ್ದು ಸೇಂಟ್ ವಾಕರ್‌ನ ನೀಲಿ ಮತ್ತು ಕ್ಯಾರೊಲ್ ಫೆರಿಸ್‌ಳ ನೇರಳೆ ಬೆಳಕು ಸೇರಿ ಅವಳ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿದ್ದರಿಂದ.

ಈಗ ನಿಮ್ಮ ಮೂರನೇ ಪ್ರಶ್ನೆಗೆ ಬನ್ನಿ. 24ನೇ ಗಂಟೆ ಮುಗಿಯುವ ಹೊತ್ತಿಗೆ ಸ್ಟೀವ್ ಮತ್ತು ವಾಂಡಾ ಇಬ್ಬರೂ ಕೆಂಪು ತೊಟ್ಟವನ ಪಕ್ಕದಲ್ಲಿರಬೇಕು. ನೀಲಿಗೆ ಪೂರ್ಣ ಬಲ ಬರಲು ಪೀಟರ್‌ನೂ ಅಲ್ಲೇ ಇರಬೇಕು. ನಾಲ್ಕು ಜನ, ಒಂದು ಜಾಗ, ಒಂದು ಗಡುವು. ನಿಮ್ಮ ಕೊನೆಯ ಅಧ್ಯಾಯ ಇದೇ, ಬೇರೆ ಖಳನಾಯಕ ಬೇಕಿಲ್ಲ.

ಉಂಗುರ ಬರುವುದು ಹಲ್ಕ್‌ಗಲ್ಲ, ಬ್ರೂಸ್ ಬ್ಯಾನರ್‌ಗೆ. ಕೆಂಪು ಹುಡುಕುವುದು ಅನ್ಯಾಯದಿಂದ ಹುಟ್ಟಿದ ಕ್ರೋಧವನ್ನು. ಮ್ಯಾನ್‌ಹಂಟರ್ ಎಂಬ ರೋಬೋಟ್‌ಗಳು ವಿಶ್ವದ ಒಂದು ಭಾಗವಾದ ಸೆಕ್ಟರ್ 666ರ ಜೀವಗಳನ್ನೆಲ್ಲ ಅಳಿಸಿದಾಗ ಉಳಿದ ಆಟ್ರೊಸಿಟಸ್‌ನಿಂದಲೇ ಕೆಂಪು ಪಡೆ ಶುರುವಾದದ್ದು. ಬ್ಯಾನರ್‌ನಲ್ಲಿ ಅಂಥ ಬೇರು ಇದೆ: 1985ರ ‘ಇನ್‌ಕ್ರೆಡಿಬಲ್ ಹಲ್ಕ್’ 312ನೇ ಸಂಚಿಕೆ ತೋರಿಸಿದಂತೆ ತಂದೆಯ ಕ್ರೌರ್ಯ ಮತ್ತು ತಾಯಿಯ ಸಾವು. ಹಲ್ಕ್ ಆ ಗಾಯದ ಮೇಲೆ ಎದ್ದ ಬಾವು.

ಬರೆಯುವ ಮುನ್ನ ಯಾವ ಹಲ್ಕ್ ಎಂದು ಗಟ್ಟಿ ಮಾಡಿಕೊಳ್ಳಿ. 2008ರ ಸಿನಿಮಾದ ನಿಯಮ ಹಿಡಿದರೆ ನಾಡಿಬಡಿತ ಏರಿದಾಗ ರೂಪಾಂತರ. ಹೃದಯವೇ ನಿಂತ ಮೇಲೆ ನಾಡಿ ಎಲ್ಲಿ? ಕೆಂಪು ಉಂಗುರ ತೊಟ್ಟ ಬ್ಯಾನರ್ ಜೀವನದಲ್ಲಿ ಮೊದಲ ಸಲ ಹಲ್ಕ್ ಆಗಲಾರದೆ, ಕ್ರೋಧವನ್ನು ತನ್ನ ಸಣಕಲು ಮೈಯಲ್ಲೇ ಹೊರಬೇಕಾಗುತ್ತದೆ. ಬರೆಯಲು ಇದಕ್ಕಿಂತ ಒಳ್ಳೆಯ ದೃಶ್ಯ ಸಿಗಲಾರದು. ಅದು ಬಿಟ್ಟು 2018ರ ‘ಇಮ್ಮಾರ್ಟಲ್ ಹಲ್ಕ್’ ಹಿಡಿದರೆ, ಹಗಲು ಸತ್ತ ಬ್ಯಾನರ್ ರಾತ್ರಿ ಹಲ್ಕ್ ಆಗಿ ಏಳುತ್ತಾನೆ. ಉಂಗುರ ಕಳಚಿದರೂ ಭಯವಿಲ್ಲ, ನಿಮ್ಮ ಗಡುವು ಸತ್ತುಹೋಗುತ್ತದೆ. ಆ ರೂಪ ಬೇಡ.

ನೋಕ್‌ದೀಪ ಉತ್ತರ:

ಮೇಲಿನವರೆಲ್ಲ ನಿಮ್ಮ ಇಂಡಿಗೊ ಆಯ್ಕೆಯನ್ನು ಮುಟ್ಟದೆ ಹೋಗಿದ್ದಾರೆ. ಪ್ರೊಫೆಸರ್ ಎಕ್ಸ್ ತಪ್ಪಲ್ಲ, ಆದರೆ ಸಪ್ಪೆ. ಆಟಮ್ ಎಂಬ ನಾಯಕ ರೇ ಪಾಮರ್‌ನಂಥ ಮೃದು ಮನುಷ್ಯನಿಗೆ ಹಂಗಾಮಿ ಉಂಗುರ ಸಿಕ್ಕಿದ್ದು ನಿಜ. ಆದರೆ ಆ ಪಡೆಯ ನಿಜವಾದ ಸ್ವರೂಪ 2012ರಲ್ಲಿ ಹೊರಬಿತ್ತು: ಅವರಲ್ಲಿ ಹೆಚ್ಚಿನವರು ಕೊಲೆಗಡುಕರು, ಎದೆಯಲ್ಲಿ ಮರುಕದ ತೇವವೇ ಇಲ್ಲದವರು. ಗ್ರೀನ್ ಲ್ಯಾಂಟರ್ನ್ ಅಬಿನ್ ಸುರ್ ಮತ್ತು ಆತನ ಜೊತೆಗಾರ ನಾಟ್ರೊಮೊ ಇಂಡಿಗೊ ಬೆಳಕಿನಿಂದ ಅವರೊಳಗೆ ಕರುಣೆಯನ್ನು ಬಲವಂತವಾಗಿ ತುಂಬಿದ್ದರು. ಬೆಳಕು ಆರಿದರೆ ಹಳೆಯ ಬುದ್ಧಿ ಹಾಗೆಯೇ ವಾಪಸು.

ಹಾಗಾಗಿ ಉಂಗುರವನ್ನು ಸ್ಪೈಡರ್-ಮ್ಯಾನ್ ವೈರಿ, ಸರಣಿ ಕೊಲೆಗಾರ ಕಾರ್ನೇಜ್‌ಗೆ, ಅಂದರೆ ಕ್ಲೀಟಸ್ ಕಸಾಡಿಗೆ ಕೊಡಿ. 24 ಗಂಟೆ ತಾನು ಕೊಂದವರೆಲ್ಲರ ನೋವನ್ನು ಅನುಭವಿಸಿ, 25ನೇ ಗಂಟೆಗೆ ಅದೆಲ್ಲ ಕಳೆದುಕೊಳ್ಳುವ ಮನುಷ್ಯ. ಉಂಗುರ ತೆಗೆಯಬೇಡಿ ಎಂದು ಆತನೇ ಗೋಗರೆದರೆ ಪೀಟರ್ ಏನು ಮಾಡಬೇಕು? ಅದು ಕ್ಷಮೆಯೋ, ಸೆರೆಯೋ? ಗೋಸ್ಟ್ ರೈಡರ್‌ನ ‘ಪೆನನ್ಸ್ ಸ್ಟೇರ್’ ಎಂಬ ನೋಟ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಹಾಗಾಗಿ ಆತನನ್ನು ಎದುರಿಗೆ ನಿಲ್ಲಿಸಿದರೆ ಹೋಲಿಕೆ ತಾನಾಗಿ ಬರುತ್ತದೆ. ಇಂಡಿಗೊದ ಮತ್ತೊಂದು ಗುಣ: ಹತ್ತಿರದ ಬೇರೆ ಬಣ್ಣಗಳ ಬೆಳಕನ್ನು ಎರವಲು ಪಡೆದು ಹರಿಸಬಲ್ಲದು, ದೂರ ದೂರಕ್ಕೆ ಒಮ್ಮೆಲೇ ಸಾಗಿಸಬಲ್ಲದು. ನಾಲ್ವರನ್ನು ಗಡುವಿಗೆ ಮುಂಚೆ ಒಂದೆಡೆ ಸೇರಿಸುವ ದಾರಿ ಬೇಕಲ್ಲ, ಕಸಾಡಿಯೇ ಆ ದಾರಿ.

ಹಸಿರುಕಂದೀಲು ಮರಳಿ:

ಎಲ್ಲರಿಗೂ ಧನ್ಯವಾದ. ಪಟ್ಟಿ ತಿದ್ದಿದೆ: ಹಸಿರು ಪೀಟರ್, ನೀಲಿ ಸ್ಟೀವ್, ಹಳದಿ ಪನಿಷರ್, ಕೆಂಪು ಬ್ಯಾನರ್, ನೇರಳೆ ವಾಂಡಾ, ಇಂಡಿಗೊ ಕಸಾಡಿ. ಉಳಿದದ್ದು ಕಿತ್ತಳೆ. ಡೂಮ್ ಇರಲೇ? ಥಾನೋಸ್ ಎಂದೂ ಒಮ್ಮೆ ಅನಿಸಿತು.

ಬಣ್ಣದಪಟ್ಟಿ ಉತ್ತರ:

ಥಾನೋಸ್ ಬೇಡ. 1991ರ ‘ಇನ್ಫಿನಿಟಿ ಗಾಂಟ್ಲೆಟ್’ನಲ್ಲಿ ಎಲ್ಲ ಶಕ್ತಿ ಕೈಗೆ ಬಂದ ಮೇಲೆ ಆತ ಮಾಡಿದ್ದು ಅದನ್ನೆಲ್ಲ ಸಾವೆಂಬ ಪ್ರೇಯಸಿಯ ಕಾಲಿಗೆ ಸುರಿದದ್ದು. ಕೈಗೆ ಬಂದದ್ದನ್ನು ಒಪ್ಪಿಸಿಬಿಡುವವನಿಗೆ ದುರಾಸೆಯ ಉಂಗುರ ಕೂರುವುದಿಲ್ಲ. ಹಠ ಹಿಡಿದರೆ ನೇರಳೆಗೆ ಎಳೆಯಬಹುದು, ಆದರೆ ಅಲ್ಲಿ ವಾಂಡಾ ಇದ್ದಾಳೆ, ಗಂಡ ವಿಷನ್‌ನನ್ನು ಕಳೆದುಕೊಂಡವಳ ಪ್ರೀತಿಗೆ ಭಾರ ಹೆಚ್ಚು.

ಡೂಮ್ ಇರಲಿ, ಒಂದು ತಿದ್ದುಪಡಿಯೊಂದಿಗೆ. ಕಿತ್ತಳೆ ಬೆಳಕು ಹಂಚಿಕೊಳ್ಳುವ ಜಾತಿಯದಲ್ಲ. ಕಿತ್ತಳೆಯ ಒಡೆಯ ಲಾರ್ಫ್ಲೀಜ್ ಒಬ್ಬನೇ ಇಡೀ ಪಡೆ, ಆತನ ಸೈನಿಕರೆಲ್ಲ ಆತನೇ ಕೊಂದವರ ಬೆಳಕಿನ ಪ್ರತಿಗಳು. ಹಂಗಾಮಿಯಾಗಿ ಲೆಕ್ಸ್ ಲೂಥರ್‌ಗೆ ಸಿಕ್ಕಿದಾಗ ಆತ ಮಾಡಿದ ಮೊದಲ ಕೆಲಸಗಳಲ್ಲೊಂದು ಜೊತೆಗಿದ್ದವರ ಉಂಗುರಗಳಿಗೇ ಕೈ ಹಾಕಿದ್ದು. ಡೂಮ್‌ನೂ ಅದನ್ನೇ ಮಾಡುತ್ತಾನೆ, ಇನ್ನೂ ಚೆನ್ನಾಗಿ ಯೋಚಿಸಿ ಮಾಡುತ್ತಾನೆ. 1984-85ರಲ್ಲಿ ದೈವಸಮಾನ ಬಿಯಾಂಡರ್‌ನ ಶಕ್ತಿ ಕಸಿದವನು, 2015ರಲ್ಲಿ ಇಡೀ ಲೋಕಕ್ಕೆ ದೇವರಾಗಿ ಕೂತವನು. ಆತ ಮೊದಲು ಕೀಳಲು ಹೋಗುವುದು ಎಲ್ಲಕ್ಕಿಂತ ದುರ್ಬಲವಾಗಿ ಕಾಣುವ ಉಂಗುರವನ್ನು: ಸಣಕಲು ಬ್ಯಾನರ್‌ನ ಬೆರಳಿನದನ್ನು. ಅದು ಕಳಚಿದರೆ ಆ ಮನುಷ್ಯ ಸಾಯುತ್ತಾನೆ ಎಂದು ಆತನಿಗೆ ತಿಳಿದಿರಬೇಕೋ ಬೇಡವೋ ಎಂಬುದನ್ನು ಮೊದಲ ಅಧ್ಯಾಯದಲ್ಲೇ ನಿರ್ಧರಿಸಿ. ತಿಳಿದಿದ್ದೂ ಕೈ ಚಾಚಿದರೆ, ಆ ಹೊತ್ತಿಗೆ ಗಡಿಯಾರ 22ನೇ ಗಂಟೆಯಲ್ಲಿರಲಿ, ವಾಂಡಾ ಇನ್ನೂ ಬಂದಿರಬಾರದು.